ಹನ್ನೊಂದನೇ ವಯಸ್ಸಿನ ಮೂರು ಮಾಮೂಲಿ ದಿನಗಳು: ಒಂದು ಪ್ರಕರಣ ಅಧ್ಯಯನ

ಜಗಳದ ವಿಷಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹನ್ನೊಂದು ವರ್ಷದ ಹುಡುಗಿ, ಒಂದು ಕಿಲೋಮೀಟರಿಗಿಂತ ತುಸು ಕಡಿಮೆ ದೂರದಲ್ಲಿರುವ ಗೆಳತಿಯ ಮನೆಗೆ ಶನಿವಾರ ಮಧ್ಯಾಹ್ನ ಒಬ್ಬಳೇ ನಡೆದುಕೊಂಡು ಹೋಗಬಹುದೋ ಬೇಡವೋ. ತಾಯಿ ಬೇಡ ಎಂದರು. ಅದೇ ಮನೆಯಲ್ಲಿರುವ ತಾಯಿಯ ತಂದೆ, 74 ವರ್ಷದವರು, "ಹೋಗಲಿ ಬಿಡು, ಕಾಲಿಲ್ವಾ ಅವಳಿಗೆ?" ಎಂದರು. ಮಾತಿಗೆ ಮಾತು ಬೆಳೆದು "ನಮ್ಮ ಕಾಲದಲ್ಲಿ ಹೀಗಿರಲಿಲ್ಲ", "ನಿನ್ನ ಕಾಲ ನಿನಗೇ ಇರಲಿ ಅಪ್ಪ" ಎನ್ನುವವರೆಗೆ ಹೋಯಿತು. ಕೊನೆಗೆ ಅಪ್ಪ, ಮಗಳು ಇಬ್ಬರೂ ಹುಡುಗಿಯನ್ನು ನಡುವೆ ನಿಲ್ಲಿಸಿಕೊಂಡೇ ಮಾತಾಡುವ ಸ್ಥಿತಿ ಬಂತು. ಹುಡುಗಿಯ ತಂದೆ ಕೆಲಸದ ನಿಮಿತ್ತ ಬೇರೆ ಊರಿನಲ್ಲಿದ್ದು, ಫೋನಿನಲ್ಲಿ ಇಬ್ಬರಿಗೂ ಹೂಂಗುಟ್ಟಿ ಪಾರಾಗುತ್ತಿದ್ದರು.

ಕುಟುಂಬ ಆಪ್ತಸಮಾಲೋಚನೆಯಲ್ಲಿ ಇಂಥ ಜಗಳಗಳು ಹೊಸವೇನಲ್ಲ. ಆದರೂ ಇದನ್ನು ಬರೆದಿಡುತ್ತಿರುವುದಕ್ಕೆ ಕಾರಣವಿದೆ. ತಲೆಮಾರುಗಳ ಬಾಲ್ಯವನ್ನು ತೂಗುವಾಗ ನಾವು ಯಾವುದನ್ನು ಯಾವುದರ ಎದುರು ಇಡುತ್ತೇವೆ ಎಂಬುದು ಈ ಮನೆಯಲ್ಲಿ ಬಿಡಿಸಿಟ್ಟ ಹಾಗೆ ಕಂಡಿತು. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಸುತ್ತಿನ ಮಾತು

ಅಜ್ಜ ಹೇಳಿದ್ದು ನಾವೆಲ್ಲ ಎಲ್ಲೋ ಕೇಳಿರುವಂಥದ್ದೇ. ಬೆಳಿಗ್ಗೆ ಹೊರಬಿದ್ದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹೊಳೆಯಲ್ಲಿ ಈಜು, ಮರದ ಮೇಲೆ ಕೋತಿಯಾಟ, ಮಂಡಿ ತರಚಿದರೆ ಮಣ್ಣು ಮೆತ್ತಿಕೊಂಡು ಮತ್ತೆ ಓಟ. ಎಲ್ಲಿಗೆ ಹೋದೆ, ಯಾಕೆ ಹೋದೆ ಎಂದು ಕೇಳುವವರಿರಲಿಲ್ಲ. "ಈಗಿನ ಮಕ್ಕಳು ಪಂಜರದ ಗಿಣಿಗಳು" ಎಂದು ಮುಗಿಸಿದರು.

ತಾಯಿಗೆ 42. ಅವರ ವಾದ ಇನ್ನೊಂದು ಬಗೆಯದು. "ನಾವು ಎರಡೂ ಕಂಡವರು. ಬೀದಿಯಲ್ಲೂ ಆಡಿದೆವು, ಆಮೇಲೆ ಕಂಪ್ಯೂಟರೂ ಕಲಿತೆವು. ನಮ್ಮ ತಲೆಮಾರಿನ ಬಾಲ್ಯವೇ ಚೆನ್ನ. ಆದರೆ ಆಗಿನ ಹಾಗೆ ಈಗ ಬಿಡೋಕಾಗಲ್ಲ, ಕಾಲ ಕೆಟ್ಟಿದೆ." ತಮ್ಮ ಬಾಲ್ಯವೇ ಕೊನೆಯ ಒಳ್ಳೆಯ ಬಾಲ್ಯ ಎನ್ನುವ ನಂಬಿಕೆ ಪ್ರತಿ ತಲೆಮಾರಿಗೂ ಇರುತ್ತದೆ. ಅವರ ಮುಂದೆ ನಾನದನ್ನು ಹೇಳಲಿಲ್ಲ.

ಹುಡುಗಿಯನ್ನು ಕೇಳಿದಾಗ ಅವಳು ಹೇಳಿದ್ದು: "ನಂದು ಇನ್ನೂ ನಡೀತಾ ಇದೆ. ಹೇಗಿತ್ತು ಅಂತ ಈಗಲೇ ಹೇಗೆ ಹೇಳಲಿ?"

ಇಡೀ ಪ್ರಕರಣದಲ್ಲಿ ಇಷ್ಟು ಸರಿಯಾದ ಮಾತು ಬೇರೆ ಬರಲಿಲ್ಲ. ಅಜ್ಜ ತಮ್ಮ ಬಾಲ್ಯವನ್ನು ಒಳಗಿನಿಂದ, ಅದೂ ಅರವತ್ತು ವರ್ಷ ಸೋಸಿ ಉಳಿದ ಒಳ್ಳೆಯ ಮಧ್ಯಾಹ್ನಗಳಿಂದ ನೋಡುತ್ತಿದ್ದರು. ಮೊಮ್ಮಗಳ ಬಾಲ್ಯವನ್ನು ಹೊರಗಿನಿಂದ, ನಿನ್ನೆ ಮೊನ್ನೆಯ ಬುಧವಾರಗಳಿಂದ ನೋಡುತ್ತಿದ್ದರು. ಒಂದು ಕಡೆ ಆಯ್ದ ನೆನಪು, ಇನ್ನೊಂದು ಕಡೆ ಆಯ್ಕೆಯೇ ಇಲ್ಲದ ದಿನಚರಿ. ಹೀಗೆ ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಮೊದಲೇ ಗೊತ್ತು.

ನೆನಪಿನ ಈ ಗುಣ ಮನೋವಿಜ್ಞಾನಿಗಳಿಗೆ ಹಳೆಯ ಸಂಗತಿ. ನಲವತ್ತು ದಾಟಿದವರನ್ನು ಬದುಕಿನ ಘಟನೆಗಳನ್ನು ಹೇಳಿ ಎಂದು ಕೇಳಿದರೆ, ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಲೆಕ್ಕಕ್ಕೆ ಮೀರಿ ಬರುತ್ತವೆ. ಮೂರು ವರ್ಷ ತುಂಬುವ ಮೊದಲಿನದು ಬಹುಪಾಲು ಅಳಿಸಿಯೇ ಹೋಗಿರುತ್ತದೆ. ಅದರಲ್ಲೂ ಉಳಿಯುವುದು ಮೊದಲ ಸಲ ಆದದ್ದು, ಬೆರಗು ಹುಟ್ಟಿಸಿದ್ದು. ನೂರು ಸಲ ಒಂದೇ ಥರ ನಡೆದದ್ದು ಕರಗಿ ಒಂದಾಗುತ್ತದೆ. ಇನ್ನೊಂದು ಅಂಶವೂ ಇದೆ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಓದಿಕೊಂಡ ಹಿರಿಯರಿಗೇ ಈಗಿನ ಮಕ್ಕಳಿಗೆ ಓದುವ ಆಸೆಯಿಲ್ಲ ಎಂದು ಹೆಚ್ಚಾಗಿ ತೋರಿತು; ಶಿಸ್ತನ್ನು ಬಹಳ ಮಾನ್ಯ ಮಾಡುವವರಿಗೆ ಮಕ್ಕಳು ಹಿರಿಯರಿಗೆ ಬೆಲೆ ಕೊಡುವುದಿಲ್ಲ ಎಂದು ತೋರಿತು. ತಾನು ಈಗ ಇರುವ ಹಾಗೇ ತನ್ನ ಕಾಲದ ಮಕ್ಕಳೆಲ್ಲ ಇದ್ದರು ಎಂದು ಮನಸ್ಸು ಅಂದುಕೊಳ್ಳುತ್ತದೆ. ಅಜ್ಜ ಇವತ್ತಿಗೂ ದಿನಕ್ಕೆ ಎರಡು ಹೊತ್ತು ವಾಕಿಂಗ್ ಹೋಗುವವರು. ಮೊಮ್ಮಗಳು ಸೋಫಾ ಬಿಟ್ಟು ಏಳುವುದಿಲ್ಲ ಎನ್ನುವುದೇ ಅವರ ದೊಡ್ಡ ದೂರು.

ಮಾಮೂಲಿ ದಿನದಲ್ಲಿ ಹೇಳೋಕೆ ಏನಿದೆ?

ಮೂವರಿಗೂ ಒಂದೇ ಕೆಲಸ ಕೊಟ್ಟೆ. ಹನ್ನೊಂದನೇ ವಯಸ್ಸಿನ ಒಂದು ದಿನವನ್ನು ಗಂಟೆ ಗಂಟೆಗೆ ಬರೆಯಬೇಕು. ಹಬ್ಬ, ರಜೆ, ಮದುವೆ ಮನೆ ಬೇಡ. ಶಾಲೆ ಇದ್ದ, ಮಳೆಯೂ ಬರದ, ನೆನಪಿಡಲು ಕಾರಣವೇ ಇಲ್ಲದ ದಿನವಾಗಬೇಕು. ಪ್ರತಿ ಗಂಟೆಯ ಎದುರು ನಾಲ್ಕು ಸಂಗತಿ: ಎಲ್ಲಿದ್ದೆ, ಯಾರ ಜೊತೆ, ನೀನಲ್ಲಿರುವುದು ಯಾವ ದೊಡ್ಡವರಿಗೆ ಗೊತ್ತಿತ್ತು, ಅಲ್ಲಿರಬೇಕೆಂದು ತೀರ್ಮಾನಿಸಿದವರು ಯಾರು.

ಅಜ್ಜ ಒಪ್ಪಲಿಲ್ಲ. "ಮಾಮೂಲಿ ದಿನದಲ್ಲಿ ಹೇಳೋಕೆ ಏನಿದೆ?" ಎಂದು ಹಾಳೆಯನ್ನು ಪಕ್ಕಕ್ಕಿಟ್ಟರು. ಮೊಮ್ಮಗಳು ಪೆನ್ನು ಹಿಡಿದು ಎದುರು ಕೂತು, "ಎಷ್ಟು ಗಂಟೆಗೆ ಎದ್ದೆ ಅಜ್ಜ?" ಎಂದು ಶುರು ಮಾಡಿದ ಮೇಲೆ ದಾರಿಗೆ ಬಂದರು. ಅವಳು ಬಿಡದೆ ಕೇಳಿದಳು. ಎದ್ದ ಮೇಲೆ? ನೀರು ತರಲು. ಎಷ್ಟು ಕೊಡ? ಆಮೇಲೆ? ತಮ್ಮನನ್ನು ಎತ್ತಿಕೊಂಡು ಸುತ್ತಾಡಿಸಬೇಕು, ಅಮ್ಮನ ಕೆಲಸ ಮುಗಿಯುವವರೆಗೆ. ಶಾಲೆಗೆ? ನಡೆದೇ, ಕೇರಿಯ ಹುಡುಗರೆಲ್ಲ ಒಟ್ಟಿಗೆ. ಶಾಲೆ ಬಿಟ್ಟ ಮೇಲೆ? ದನ ಹೊಡೆದುಕೊಂಡು ಬರಬೇಕು. ಆಟ ಯಾವಾಗ ಅಜ್ಜ? ಅಜ್ಜ ತುಸು ಹೊತ್ತು ಯೋಚಿಸಿ, "ದನ ಮೇಯ್ತಾ ಇರುವಾಗ" ಎಂದರು.

ಮೊದಲ ಸುತ್ತಿನಲ್ಲಿ ಸುತ್ತಾಟ ಎಂದು ಬಂದದ್ದರ ಅರ್ಧಪಾಲು ಎರಡನೇ ಸುತ್ತಿನಲ್ಲಿ ಕೆಲಸವಾಗಿತ್ತು. ಹೊಳೆಯ ದಾರಿ ಅವರಿಗೆ ಸಿಕ್ಕಿದ್ದು ದನಗಳಿಂದ. ಹಾಗೆಂದು ಅವರ ಸಂತೋಷ ಸುಳ್ಳೆಂದು ನಾನು ಹೇಳುವುದಿಲ್ಲ. ಕೆಲಸದ ಸಂದಿಯಲ್ಲಿ ಕದ್ದ ಆಟಕ್ಕೆ ಇದ್ದ ರುಚಿ ನಿಜವೇ. ಆದರೆ ಅದನ್ನು 'ಬಿಡುವು' ಎಂಬ ಅಂಕಣಕ್ಕೆ ಹಾಕಿ, ಟ್ಯೂಷನ್ ಮುಗಿಸಿ ಬಂದ ಮೊಮ್ಮಗಳ ಎದುರು ಹಿಡಿಯುವ ಹಾಗಿಲ್ಲ. ಇಬ್ಬರ ದಿನವೂ ದೊಡ್ಡವರು ಹೇಳಿದ ಕೆಲಸದಿಂದಲೇ ತುಂಬಿತ್ತು. ಒಬ್ಬರ ಕೆಲಸ ಬಯಲಿನಲ್ಲಿತ್ತು, ಇನ್ನೊಬ್ಬಳದು ಮೇಜಿನ ಮೇಲಿದೆ.

ಮೂರನೇ ಅಂಕಣದಲ್ಲಿ, ಅಂದರೆ ಯಾವ ದೊಡ್ಡವರಿಗೆ ಗೊತ್ತಿತ್ತು ಎಂಬಲ್ಲಿ, ಅಜ್ಜ ಉದ್ದಕ್ಕೂ "ಯಾರಿಗೂ ಇಲ್ಲ" ಎಂದು ಬರೆಸಿದ್ದರು. ಅಲ್ಲಿ ನಾನು ತಡೆದು ಕೇಳಿದೆ: ಬಿದ್ದು ಕಾಲು ಮುರಿದಿದ್ದರೆ ಮೊದಲು ನೋಡುತ್ತಿದ್ದವರು ಯಾರು? ಗಿರಣಿಯವನು, ಬಟ್ಟೆ ಒಗೆಯಲು ಬರುವ ಹೆಂಗಸರು, ಪಕ್ಕದ ಹೊಲದವರು, ಅಂಚೆಯವನು ಎಂದು ಒಬ್ಬೊಬ್ಬರಾಗಿ ಬಂದರು. ಅವರಲ್ಲಿ ಕೆಲವರ ಹೆಸರೂ, ಅವರು ಬೈಯುವ ಧಾಟಿಯೂ ಅಜ್ಜನಿಗೆ ನೆನಪಿತ್ತು. "ಮರ ಹತ್ತಿದ್ದು ಕಂಡರೆ ನಾನು ಮನೆ ಮುಟ್ಟೋಕೆ ಮೊದಲೇ ಸುದ್ದಿ ಮುಟ್ಟಿರ್ತಿತ್ತು" ಎಂದು ನಕ್ಕರು.

ಈ ಪ್ರಕರಣದ ಗಂಟು ಬಿಚ್ಚಿದ್ದು ಇಲ್ಲಿ ಎಂದು ನನಗನಿಸುತ್ತದೆ. ಅಜ್ಜನನ್ನು ಅವರ ಅಪ್ಪ ಅಮ್ಮ ಧೈರ್ಯವಾಗಿ ಬಿಟ್ಟಿದ್ದರು ಎನ್ನುವುದು ಪೂರ್ತಿ ಸರಿಯಲ್ಲ. ಹುಡುಗ ಯಾರ ಮನೆಯವನೆಂದು ಗೊತ್ತಿದ್ದ, ಬೈಯುವ ಹಕ್ಕಿದ್ದ ಹತ್ತಾರು ದೊಡ್ಡವರು ದಾರಿಯುದ್ದಕ್ಕೂ ಇದ್ದರು. ಅವರಿದ್ದುದರಿಂದ ಮನೆಯವರು ಕಾಯಬೇಕಿರಲಿಲ್ಲ. ಅಜ್ಜನ ನೆನಪಿನಲ್ಲಿ ಬಯಲು ಉಳಿದಿದೆ, ಆ ಕಣ್ಣುಗಳು ಬಿಟ್ಟುಹೋಗಿವೆ. ಈಗ ಮಗಳನ್ನು 'ಧೈರ್ಯ ಸಾಲದು' ಎಂದು ಜರೆಯುವಾಗ, ತಮ್ಮ ಅಪ್ಪ ಅಮ್ಮನಿಗೂ ಒಂಟಿಯಾಗಿ ಇರದಿದ್ದ ಧೈರ್ಯವನ್ನು ಅವಳೊಬ್ಬಳಿಂದ ಅವರು ಕೇಳುತ್ತಿದ್ದರು.

ಮಕ್ಕಳು ಒಂಟಿಯಾಗಿ ಓಡಾಡುವ ದೂರ ಕುಗ್ಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಇಂಗ್ಲೆಂಡಿನಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದವರು 1971ರಲ್ಲಿ ಶೇ. 80ರಷ್ಟಿದ್ದರು, 1990ರ ಹೊತ್ತಿಗೆ ಶೇ. 9ಕ್ಕೆ ಇಳಿದಿದ್ದರು. 2007ರಲ್ಲಿ ಅಲ್ಲಿನ ಶೆಫೀಲ್ಡ್ ನಗರದ ಒಂದೇ ಕುಟುಂಬದ ನಾಲ್ಕು ತಲೆಮಾರುಗಳನ್ನು ಹೀಗೇ ಹೋಲಿಸಿದ್ದರು. ಎಂಟನೇ ವಯಸ್ಸಿನಲ್ಲಿ ಮುತ್ತಜ್ಜ ಮೀನು ಹಿಡಿಯಲು ಆರು ಮೈಲಿ ನಡೆದು ಹೋಗುತ್ತಿದ್ದರೆ, ಅಜ್ಜನಿಗೆ ಒಂದು ಮೈಲಿ, ತಾಯಿಗೆ ಅರ್ಧ ಮೈಲಿ, ಮಗನಿಗೆ ಬೀದಿಯ ತುದಿಯವರೆಗಿನ 300 ಗಜ. ಇದು ಎಲ್ಲ ಕಡೆಯೂ ಹೀಗೇ ಆಗಲೇಬೇಕಾದದ್ದೂ ಅಲ್ಲ. 16 ದೇಶಗಳನ್ನು ಹೋಲಿಸಿ 2015ರಲ್ಲಿ ಹೊರಬಂದ ಅಧ್ಯಯನದಲ್ಲಿ ಫಿನ್‌ಲೆಂಡಿನ ಮಕ್ಕಳು ಎಲ್ಲರಿಗಿಂತ ಸ್ವತಂತ್ರವಾಗಿ ಓಡಾಡುತ್ತಿದ್ದರು. ಕಾಲ ಎಲ್ಲರಿಗೂ ಒಂದೇ ಆಗಿದ್ದರೂ ಅಲ್ಲಿನ ರಸ್ತೆಗಳೂ ಅಲ್ಲಿನ ದೊಡ್ಡವರೂ ಬೇರೆ.

ಈ ಅಂಕಿಗಳನ್ನು ಹೇಳಿದಾಗ ಅಜ್ಜನಿಗೆ ಗೆದ್ದಷ್ಟು ಖುಷಿಯಾಯಿತು. ಹೆಚ್ಚು ಹೊತ್ತು ಉಳಿಯಲಿಲ್ಲ.

ಅಕ್ಕನಿಗೆ ಫೋನ್

ಹಾಳೆ ತುಂಬಿಸುತ್ತಿದ್ದ ಹುಡುಗಿ ನಡುವೆ ತಲೆಯೆತ್ತಿ ಕೇಳಿದಳು: "ಅಜ್ಜ, ನೀನು ದನ ಹೊಡ್ಕೊಂಡು ಹೋದಾಗ ದೊಡ್ಡಜ್ಜಿ ಎಲ್ಲಿರ್ತಿದ್ರು?"

ದೊಡ್ಡಜ್ಜಿ ಎಂದರೆ ಅಜ್ಜನ ಅಕ್ಕ, ಎರಡು ವರ್ಷ ದೊಡ್ಡವರು. ಅಜ್ಜ "ಮನೇಲಿ ಇರ್ತಿದ್ಲು ಕಣೇ" ಎಂದರು. ಏನು ಮಾಡುತ್ತಿದ್ದರು ಎಂದರೆ ಗೊತ್ತಿಲ್ಲ. ಅಲ್ಲಿಂದಲೇ ಫೋನ್ ಹಚ್ಚಿದೆವು, ಸ್ಪೀಕರ್ ಹಾಕಿ. ದೊಡ್ಡಜ್ಜಿ ವಿಷಯ ಕೇಳಿ ಮೊದಲು ತಮ್ಮನನ್ನು ಗದರಿದರು: "ಅವನಿಗೇನು, ಅವನು ಗಂಡು ಹುಡುಗ." ಆಮೇಲೆ ಮೊಮ್ಮಗಳಿಗೆ ತಮ್ಮ ಹನ್ನೊಂದನೇ ವಯಸ್ಸನ್ನು ಹೇಳಿದರು. ಶಾಲೆ ಆ ವರ್ಷವೇ ಬಿಡಿಸಿದ್ದರು. ಅಡುಗೆ ಮನೆ, ಹಿತ್ತಲು, ಪಕ್ಕದ ಮನೆಯ ಜಗಲಿ. ಅದರಾಚೆಗೆ ಹೋಗಬೇಕಾದರೆ ಜೊತೆಗೆ ಯಾರಾದರೂ ಬೇಕು, ಹೋಗುವುದಕ್ಕೆ ಕಾರಣವೂ ಬೇಕು. "ಹೊಳೆ ಎಷ್ಟು ದೂರ ಇತ್ತು ದೊಡ್ಡಜ್ಜಿ?" ಎಂದು ಹುಡುಗಿ ಕೇಳಿದಳು. "ನಂಗೇನು ಗೊತ್ತಮ್ಮ, ನಾನು ನೋಡಿದ್ದೇ ಮದುವೆಯಾಗಿ ಹೋಗುವಾಗ. ಗಾಡಿ ಅದನ್ನು ದಾಟಿಕೊಂಡು ಹೋಯ್ತು."

ಅಜ್ಜ ಮಾತಾಡಲಿಲ್ಲ. ಫೋನ್ ಇಟ್ಟ ಮೇಲೆ ಹುಡುಗಿಯೇ ಲೆಕ್ಕ ಮುಗಿಸಿದಳು: "ಹಾಗಾದ್ರೆ ನನ್ನನ್ನ ನಿನ್ನ ಜೊತೆ ಅಲ್ಲ, ದೊಡ್ಡಜ್ಜಿ ಜೊತೆ ಕಂಪೇರ್ ಮಾಡಬೇಕು."

ಹನ್ನೊಂದರ ಹುಡುಗಿಯ ಬಾಲ್ಯದ ಪಕ್ಕ ಇಡಬೇಕಾದದ್ದು ಹನ್ನೊಂದರ ಹುಡುಗಿಯ ಬಾಲ್ಯವನ್ನು. ಹಾಗಿಟ್ಟರೆ ಕುಗ್ಗುತ್ತ ಬಂದ ಆ ಗೆರೆ ಇದ್ದಕ್ಕಿದ್ದಂತೆ ಮೇಲಕ್ಕೇರುತ್ತದೆ. ದೊಡ್ಡಜ್ಜಿಯ ಹಿತ್ತಲಿನಿಂದ ಈ ಹುಡುಗಿಯ ಶಾಲೆ, ಈಜುಕೊಳ, ಗ್ರಂಥಾಲಯ, ಬಸ್ಸಿನಲ್ಲಿ ಹೋಗುವ ಚಿತ್ರಕಲಾ ತರಗತಿಯವರೆಗೆ. 'ನಮ್ಮ ಕಾಲದ ಮಕ್ಕಳು' ಎಂದು ಹಿರಿಯರು ಹೇಳುವಾಗ ಅದು ಯಾವ ಮಕ್ಕಳು ಎಂದು ಕೇಳುವ ರೂಢಿಯನ್ನು ನಾನೀಗ ಬೆಳೆಸಿಕೊಂಡಿದ್ದೇನೆ. ಕತೆ ಹೇಳಲು ಉಳಿಯದ ಮಕ್ಕಳೂ ಆ ಕಾಲದವರೇ. ಅಜ್ಜ ಹುಟ್ಟಿದ 1950ರ ಸುಮಾರಿಗೆ ಜಗತ್ತಿನಲ್ಲಿ ಹುಟ್ಟಿದ ಹೆಚ್ಚುಕಡಿಮೆ ಐದರಲ್ಲಿ ಒಂದು ಮಗು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. 1990ರಲ್ಲಿ ಅದು ಸಾವಿರಕ್ಕೆ 93, 2022ರಲ್ಲಿ ಸಾವಿರಕ್ಕೆ 37. "ನಮಗೇನೂ ಆಗಲಿಲ್ಲವಲ್ಲ" ಎನ್ನುವ ಮಾತನ್ನು ಏನೂ ಆಗದವರು ಮಾತ್ರ ಹೇಳಬಲ್ಲರು.

ನಾಲ್ಕರಿಂದ ಏಳು

ತಾಯಿಯ ಹಾಳೆಯನ್ನು ಕೊನೆಗೆ ನೋಡಿದೆವು. ಜಗಳ ಅಜ್ಜ ಮತ್ತು ಮೊಮ್ಮಗಳ ಬಾಲ್ಯದ ನಡುವೆ ಎಂಬಂತೆ ಎಲ್ಲರೂ ನಡೆದುಕೊಳ್ಳುತ್ತಿದ್ದರಿಂದ, ನಡುವಿನವರ ಬಾಲ್ಯದ ಕಡೆ ಯಾರ ಗಮನವೂ ಹರಿದಿರಲಿಲ್ಲ.

ಆ ಹಾಳೆಯಲ್ಲಿ ಸಂಜೆ ನಾಲ್ಕರಿಂದ ಏಳರವರೆಗಿನ ಮೂರು ಸಾಲುಗಳಲ್ಲಿ ಒಂದೇ ಉತ್ತರವಿತ್ತು. ಎಲ್ಲಿ: ಮನೆ. ಯಾರ ಜೊತೆ: ಯಾರೂ ಇಲ್ಲ. ಯಾರಿಗೆ ಗೊತ್ತಿತ್ತು: ಅಪ್ಪ ಅಮ್ಮನಿಗೆ. ತೀರ್ಮಾನ ಯಾರದು: ಅವರದು. 1990ರ ದಶಕದ ಆರಂಭ, ಹೊಸ ಊರು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ. ಶಾಲೆಯಿಂದ ಬಂದು ಬೀಗ ತೆಗೆದು, ಒಳಗಿನಿಂದ ಚಿಲಕ ಹಾಕಿ, ಟಿವಿ ಹಾಕಿಕೊಂಡು ಕೂರುವುದು. ಮೊದಲ ಸುತ್ತಿನಲ್ಲಿ ಹೇಳಿದ ಬೀದಿಯಾಟ ಭಾನುವಾರಗಳದ್ದು ಎಂದು ಅವರೇ ಹೇಳಿದರು. ಒಂದು ಸಂಜೆ ಯಾರೋ ಬಾಗಿಲು ಬಡಿದು, ತೆಗೆಯದಿದ್ದಾಗ ಕಿಟಕಿಯ ಹತ್ತಿರ ಬಂದು ನಿಂತಿದ್ದರಂತೆ. ಏನೂ ಆಗಲಿಲ್ಲ, ಹೊರಟುಹೋದರು. ಆದರೆ ಟಿವಿಯ ಸದ್ದನ್ನು ಅವತ್ತಿನಿಂದ ಜೋರಾಗಿಡುವ ಅಭ್ಯಾಸವಾಯಿತು.

"ನಂಗ್ಯಾಕೆ ಹೇಳಲಿಲ್ಲ?" ಎಂದು ಅಜ್ಜ ಕೇಳಿದರು.

"ಹೇಳಿದ್ರೆ ಅಮ್ಮ ಕೆಲಸ ಬಿಡ್ತಿದ್ಲು, ಅದಕ್ಕೆ."

ಕಾಲ ಕೆಟ್ಟಿದೆ ಎಂಬ ಮಾತಿನ ಅಡಿಯಲ್ಲಿ ಇದ್ದದ್ದು ಸುದ್ದಿವಾಹಿನಿಯ ಭಯ ಎಂದು ಅಜ್ಜ ತಿಳಿದಿದ್ದರು. ಅದು ಹಳೆಯ ಸಂಜೆಗಳಿಂದ ಬಂದದ್ದಾಗಿತ್ತು. ತನ್ನನ್ನು ಒಂಟಿಯಾಗಿ ಬಿಟ್ಟದ್ದನ್ನು ಇವರು ಸ್ವಾತಂತ್ರ್ಯ ಎಂದು ಎಂದೂ ಎಣಿಸಿರಲಿಲ್ಲ. ಮಗಳಿಗೆ ಹಾಗಾಗಬಾರದು ಎಂಬ ಹಟ ಎಷ್ಟು ಬಲವಾಗಿತ್ತೆಂದರೆ, ಬೇಕೆಂದು ಒಂಟಿಯಾಗಿ ಹೋಗುವುದಕ್ಕೂ ಬೇರೆ ದಾರಿಯಿಲ್ಲದೆ ಒಂಟಿಯಾಗಿ ಉಳಿಯುವುದಕ್ಕೂ ಇರುವ ಅಂತರ ಅವರಿಗೆ ಕಾಣುತ್ತಿರಲಿಲ್ಲ. ಪ್ರತಿ ತಲೆಮಾರೂ ಮಕ್ಕಳಿಗೆ ಕೊಡಲು ಹೊರಡುವುದು ತನಗೆ ಸಿಗದೆ ಹೋದದ್ದನ್ನು. ಮಕ್ಕಳಿಗೆ ಆ ಹೊತ್ತಿನಲ್ಲಿ ಬೇಕಿರುವುದು ಅದೇ ಆಗಿರಬೇಕೆಂದಿಲ್ಲ.

ಹುಡುಗಿಯ ಹಾಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವಳೂ ಅದನ್ನು ಬಯಸಲಿಲ್ಲ. ಬೆಳಿಗ್ಗೆ ಆರೂವರೆಯಿಂದ ರಾತ್ರಿ ಒಂಬತ್ತೂವರೆಯವರೆಗೆ ಪ್ರತಿ ಸಾಲಿನಲ್ಲೂ ಯಾರೋ ಒಬ್ಬ ದೊಡ್ಡವರ ಹೆಸರಿತ್ತು. ನಡುನಡುವೆ 'ಆ್ಯಪ್' ಎಂದು ಬರೆದಿದ್ದಳು, ಅಂದರೆ ತಾಯಿಯ ಮೊಬೈಲಿನಲ್ಲಿ ಇವಳಿರುವ ಜಾಗ ಕಾಣುತ್ತದೆ ಎಂದು. ಖಾಲಿ ಉಳಿದದ್ದು ಸ್ನಾನದ ಇಪ್ಪತ್ತು ನಿಮಿಷ. ಅಜ್ಜನ ದಾರಿಯ ಹತ್ತಾರು ಜನ ಮಾಡುತ್ತಿದ್ದ ಕೆಲಸ ಈಗ ಒಂದು ಫೋನಿನದು. ಆ ಜನ ಬೈಯುತ್ತಿದ್ದರು, ನೀರು ಕೊಡುತ್ತಿದ್ದರು, ಕೆಲವೊಮ್ಮೆ ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತಿದ್ದರು. ಫೋನಿಗೆ ಕೊನೆಯದು ಬರುವುದಿಲ್ಲ.

ಎಲ್ಲ ಸಭೆಗಳಲ್ಲೂ ಹುಡುಗಿ ಇರಲೇಬೇಕು ಎಂದು ಮೊದಲೇ ಹೇಳಿದ್ದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟದ ಹಕ್ಕನ್ನು ಹೇಳುತ್ತದೆ ಎಂಬುದು ಹಲವರಿಗೆ ಗೊತ್ತು. 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು, ವಯಸ್ಸಿಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ದೊಡ್ಡಜ್ಜಿಯನ್ನು ಶಾಲೆ ಬಿಡಿಸುವಾಗ ಯಾರೂ ಅವರನ್ನು ಕೇಳಿರಲಿಲ್ಲ.

ರಸ್ತೆ

ಇಷ್ಟಾದ ಮೇಲೆ ಮೂಲ ಪ್ರಶ್ನೆಗೆ ಬಂದಾಗ ಅದು ಬಾಲ್ಯದ ಪ್ರಶ್ನೆಯಾಗಿ ಉಳಿದಿರಲಿಲ್ಲ, ದಾರಿಯ ಪ್ರಶ್ನೆಯಾಗಿತ್ತು. ಮೂವರೂ ಒಟ್ಟಿಗೆ ಆ ದಾರಿಯಲ್ಲಿ ನಡೆದು ಬರಲಿ ಎಂದೆ.

ನಡೆದು ಬಂದ ಮೇಲೆ ಮಾತು ತಿರುವುಮುರುವಾಯಿತು. ತಾಯಿಯ ಭಯ ಅಪರಿಚಿತರ ಬಗ್ಗೆ ಇತ್ತು. ದಾರಿಯುದ್ದಕ್ಕೂ ಮನೆಗಳು, ಜನ ಇರುವುದು ಕಂಡು ಅದು ಸ್ವಲ್ಪ ಇಳಿಯಿತು. ಹೆದರಿದ್ದು ಅಜ್ಜ. ನಡುವೆ ಒಂದು ದೊಡ್ಡ ರಸ್ತೆ ದಾಟಬೇಕು. ಅಲ್ಲಿ ಸಿಗ್ನಲ್ ಇಲ್ಲ, ತಿರುವಿನಲ್ಲಿ ಗಾಡಿಗಳು ವೇಗ ತಗ್ಗಿಸುವುದೇ ಇಲ್ಲ. ಅವರಿಗೇ ದಾಟಲು ಮಗಳ ಕೈ ಹಿಡಿಯಬೇಕಾಯಿತು. ಅವರ ಭಯಕ್ಕೆ ಆಧಾರವಿದೆ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರುತ್ತಿರುವ ಗಾಡಿಯ ವೇಗ, ನಡುವಿನ ಅಂತರ ಅಳೆದು ದಾಟುವ ಸಾಮರ್ಥ್ಯ ಹದಿಮೂರು ಹದಿನಾಲ್ಕರವರೆಗೂ ಪೂರ್ತಿ ಬಲಿತಿರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಬುದ್ಧಿವಂತ ಮಗು, ಹುಷಾರಿನ ಮಗು ಎನ್ನುವುದು ಇಲ್ಲಿ ಕೆಲಸಕ್ಕೆ ಬಾರದು. ಅಜ್ಜನ ಬಾಲ್ಯದ ದಾರಿಯಲ್ಲಿ ಎದುರಾಗುತ್ತಿದ್ದುದು ಎತ್ತಿನ ಗಾಡಿ.

ಪರಿಹಾರ ಹುಡುಗಿಯೇ ತಂದಳು. ಹಿಂದಿನ ಬೀದಿಯಿಂದ ಹೋದರೆ ದೂರ ಜಾಸ್ತಿ, ಆದರೆ ಸಿಗ್ನಲ್ ಇರುವಲ್ಲಿ ದಾಟಬಹುದು. ಕಾಗದದ ಮೇಲೆ ನಕ್ಷೆ ಬರೆದು ತಂದಿದ್ದಳು. ಮೊದಲ ಕೆಲವು ಸಲ ಅಜ್ಜ ದೂರದಿಂದ ಹಿಂದೆ ನಡೆದರು. ಆಮೇಲೆ ಸಿಗ್ನಲ್‌ವರೆಗೆ ಮಾತ್ರ. ಫೋನ್ ಬ್ಯಾಗಿನಲ್ಲಿ ಇರುತ್ತದೆ, ಮುಟ್ಟಿದ ಮೇಲೆ ಒಂದು ಕರೆ ಸಾಕು, ಜಾಗ ತೋರಿಸುವ ಆ್ಯಪ್ ಶನಿವಾರ ಮಧ್ಯಾಹ್ನ ಬಂದ್. ಈ ಕೊನೆಯ ಷರತ್ತಿಗೆ ತಾಯಿ ಒಪ್ಪಲು ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಒಪ್ಪಿದ ಮೇಲೂ ಆ ಹೊತ್ತಿನಲ್ಲಿ ಬೇರೆ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲ ಎಂದರು. ಅದು ಇನ್ನೂ ಹಾಗೇ ಇದೆ.

ಸದ್ಯದ ಸ್ಥಿತಿ

ಅಪ್ಪ, ಮಗಳ ಮಾತುಕತೆ ಸರಿಹೋಗಿದೆ. ಜಗಳ ನಿಂತಿದೆ ಎನ್ನಲಾರೆ; ಮೊಬೈಲಿನ ವಿಷಯಕ್ಕೆ ಹೊಸದಾಗಿ ಶುರುವಾಗಿದೆ. ಆದರೆ ಈಗ ಒಬ್ಬರು "ನಮ್ಮ ಕಾಲದಲ್ಲಿ" ಎಂದರೆ ಇನ್ನೊಬ್ಬರು "ಯಾವ ದಿನ?" ಎಂದು ಕೇಳುತ್ತಾರಂತೆ.

ಹುಡುಗಿ ಒಬ್ಬಳೇ ಹೋಗಿಬರುತ್ತಿದ್ದಾಳೆ, ಆದರೆ ಮೊದಲಿನ ಉತ್ಸಾಹವಿಲ್ಲ. ಕಾರಣ ಕೇಳಿದೆ. ಹೋದರೂ ಗೆಳತಿಯ ಮನೆಯೊಳಗೇ ಕೂರಬೇಕು. ಗೆಳತಿಯನ್ನು ಅವರ ಮನೆಯಲ್ಲಿ ಕೆಳಗಿನ ಮೈದಾನಕ್ಕೂ ಬಿಡುವುದಿಲ್ಲ. ಬಿಟ್ಟರೂ ಮೈದಾನದಲ್ಲಿ ಬೇರೆ ಮಕ್ಕಳಿಲ್ಲ, ಅವರನ್ನೂ ಯಾರೂ ಬಿಟ್ಟಿಲ್ಲ. ಇದನ್ನು ಒಂದು ಮನೆಯೊಳಗೆ ಕೂತು ಬಗೆಹರಿಸಲು ಬರುವುದಿಲ್ಲ. ತಾಯಿ ಗೆಳತಿಯ ಮನೆಯವರ ಜೊತೆ ಮಾತಾಡಿದ್ದಾರೆ. ಅದೇ ಕಟ್ಟಡದ ಇನ್ನೆರಡು ಮನೆಯವರು ಸೇರುವುದಾದರೆ ಶನಿವಾರ ನಾಲ್ಕರಿಂದ ಆರರವರೆಗೆ ಮಕ್ಕಳನ್ನು ಕೆಳಗೆ ಬಿಡಬಹುದು, ಯಾರಾದರೊಬ್ಬ ದೊಡ್ಡವರು ಮೈದಾನದ ಬೆಂಚಿನ ಮೇಲೆ ಕೂತಿರಲಿ ಎಂಬಲ್ಲಿಗೆ ಮಾತು ಬಂದಿದೆ. ಅಜ್ಜ ತಾವು ಕೂರುತ್ತೇನೆ ಎಂದಿದ್ದಾರೆ. ಕೂತು ಸುಮ್ಮನಿರಬೇಕು, ಆಟ ಹೇಳಿಕೊಡಲು ಹೋಗಬಾರದು ಎಂದು ಮೊಮ್ಮಗಳು ಷರತ್ತು ಹಾಕಿದ್ದಾಳೆ. ಅದಕ್ಕೆ ಅವರಿನ್ನೂ ಒಪ್ಪಿಲ್ಲ.